ಕಾಯುತ್ತಿದ್ದ ಮೇಷ್ಟ್ರು

ಚಟ್ಟಕ್ಕೆ ಕೊನೆಯ ಹಗ್ಗ ಬಿಗಿಯುತ್ತಿದ್ದಾಗ ಪ್ರಿನ್ಸಿಪಾಲ್ ವೆಂಕಟರಾಯಪ್ಪ ಹಾರ ಹಿಡಿದು ಬಂದರು. ಚಿಕ್ಕಬಳ್ಳಾಪುರದ ಆ ಸಣ್ಣ ಬೀದಿಗೆ ಅವರ ಕಾರು ನುಗ್ಗಿದ್ದು ಇದೇ ಮೊದಲು.

"ಮೇಷ್ಟ್ರು ಎಲ್ಲೂ ಹೋಗಿಲ್ಲಮ್ಮ. ಇವತ್ತೂ ಎರಡನೇ ಪೀರಿಯಡ್ಡು ಅವರದೇ ವಿಡಿಯೋ ಹಾಕಿದೀವಿ. ಪಾಠ ನಿಂತಿಲ್ಲ" ಎಂದು ಸಮಾಧಾನ ಹೇಳಿದರು.

ಅಲಮೇಲುವಿಗೆ ಮೈ ಉರಿಯಿತು. ಗಂಡನ ಮುಖದ ಕಡೆಗೆ ತಿರುಗಿ ಕೂತಳು.

*

ದಕ್ಷಿಣಾಮೂರ್ತಿ ಆ ಕಾಲೇಜಿನಲ್ಲಿ ಇಪ್ಪತ್ತೆರಡು ವರ್ಷ ಅರ್ಥಶಾಸ್ತ್ರ ಹೇಳಿಕೊಟ್ಟವರು, ಕೊನೆಯವರೆಗೂ ಅತಿಥಿ ಉಪನ್ಯಾಸಕರು. ಇಪ್ಪತ್ತೆರಡು ವರ್ಷ ಇದ್ದವರನ್ನು ಅತಿಥಿ ಅನ್ನುವ ಮನೆ ಇನ್ನೆಲ್ಲಿದೆಯೋ! ಅವರದೊಂದು ಚಾಳಿ, ಪ್ರಶ್ನೆ ಕೇಳಿ ಕಾಯುವುದು. ಮುಂದಿನ ಬೆಂಚಿನ ಕೈಗಳು ಎದ್ದರೂ ಕಾಯುವುದು. "ಹಿಂದಿನ ಬೆಂಚಿಗೂ ಯೋಚ್ನೆ ಮಾಡಕ್ಕೆ ಟೈಮ್ ಬೇಕಲ್ಲ ಕಣೇ" ಎಂದು ಅಲಮೇಲುವಿಗೆ ಹೇಳುತ್ತಿದ್ದರು.

ಕಾಲೇಜು ಡಿಜಿಟಲ್ ಆದಾಗ ಅವರ ಪಾಠಗಳನ್ನೆಲ್ಲ ವಿಡಿಯೋ ಮಾಡಿದರು. ಮೇಷ್ಟ್ರು ಉತ್ತರಕ್ಕೆ ಕಾಯುತ್ತಾ ಸುಮ್ಮನೆ ನಿಂತ ಕಡೆಗಳನ್ನೆಲ್ಲ ಕತ್ತರಿಸಿದರು. ಐವತ್ತು ನಿಮಿಷದ ಪಾಠ ಮೂವತ್ತಕ್ಕಿಳಿಯಿತು. ಮುಂದಿನ ವರ್ಷ ಮೇಷ್ಟ್ರನ್ನೇ ಕರೆಯಲಿಲ್ಲ.

"ಪ್ರಶ್ನೆ ಕೇಳಿ ನಾನೇ ಉತ್ತರ ಹೇಳ್ಬಿಡ್ತೀನಲ್ಲೇ ಇದ್ರಲ್ಲಿ! ಯಾರೇ ಇವನು?" ಎಂದು ತಮ್ಮ ವಿಡಿಯೋ ನೋಡಿ ನಕ್ಕಿದ್ದರು. ಆ ನಗು ನೋಡಲಾರದೆ ಅಲಮೇಲು ಎದ್ದು ಅಡುಗೆಮನೆಗೆ ಹೋಗಿದ್ದಳು.

*

"ಅಮ್ಮ, ನನ್ನ ಹತ್ರ ಸಾರ್ ಪಾಠ ಒಂದು ಪೂರ್ತಿ ಇದೆ" ಎಂದು ಚಟ್ಟದ ಪಕ್ಕ ನಿಂತಿದ್ದ ಪೆರೇಸಂದ್ರದ ಚಲಪತಿ ಮುಂದೆ ಬಂದ. ಹಳೆಯ ಶಿಷ್ಯ, ಈಗ ತರಕಾರಿ ವ್ಯಾಪಾರಿ. "ಕೊನೇ ಬೆಂಚಲ್ಲಿ ಕೂತು ಫೋನಲ್ಲಿ ಹಿಡಿದಿದ್ದೆ. ಮೂರು ವರ್ಷದಲ್ಲಿ ನಾನು ಕ್ಲಾಸಲ್ಲಿ ಉತ್ತರ ಹೇಳಿದ್ದು ಅವತ್ತೊಂದೇ ದಿನ."

"ಹಾಕಪ್ಪ. ಪ್ರಿನ್ಸಿಪಾಲ್ರೂ ನೋಡ್ಲಿ" ಎಂದಳು ಅಲಮೇಲು. ಮೇಷ್ಟ್ರು ಕಾಯುವುದನ್ನು, ಕಾದದ್ದಕ್ಕೆ ಉತ್ತರ ಬರುವುದನ್ನು ಈ ಮನುಷ್ಯ ಒಂದೇ ಒಂದು ಸಲ ನೋಡಬೇಕು. ಅವಳಿಗೆ ಬೇಕಾಗಿದ್ದು ಅಷ್ಟೇ.

ಚಲಪತಿ ಫೋನನ್ನು ಪ್ರಿನ್ಸಿಪಾಲರ ಕೈಗೇ ಕೊಟ್ಟ. ಪರದೆಯಲ್ಲಿ ದಕ್ಷಿಣಾಮೂರ್ತಿ ಸೀಮೆಸುಣ್ಣ ಹಿಡಿದು ಕೇಳಿದರು: "ಟೊಮ್ಯಾಟೊ ರಸ್ತೆಗೆ ಸುರಿದ ಮಾರನೇ ವರ್ಷಾನೇ ರೇಟು ಏರುತ್ತಲ್ಲ, ಯಾಕಪ್ಪ?"

ಆಮೇಲೆ ಮಾತಿಲ್ಲ. ಮೇಷ್ಟ್ರು ಕೊನೆಯ ಬೆಂಚಿನ ಕಡೆ ನೋಡುತ್ತಾ ನಿಂತರು. ಅಲಮೇಲು ಪರದೆಯತ್ತ ಬಾಗಿದಳು. ತಾನು ಅವತ್ತು ಹೇಳಿದ ಉತ್ತರಕ್ಕೆ ಚಲಪತಿಯ ತುಟಿ ಅಲುಗಿತು.

"ಸ್ಟಕ್ ಆಗೋಯ್ತು ಅನ್ಸುತ್ತೆ" ಎಂದು ವೆಂಕಟರಾಯಪ್ಪ ಹೆಬ್ಬೆರಳಿನಿಂದ ವಿಡಿಯೋವನ್ನು ಮುಂದಕ್ಕೆ ತಳ್ಳಿದರು.

ಚಲಪತಿಯ ಉತ್ತರ ದಾಟಿಹೋಗಿತ್ತು. ಪರದೆಯಲ್ಲಿ ಮೇಷ್ಟ್ರು ಬೋರ್ಡು ಒರೆಸುತ್ತಿದ್ದರು.