ಏಳು ಸಾವಿರದ ಇನ್ನೂರು ಸುತ್ತು

ಅಕ್ಕ ಊಟದ ಮೇಜಿನ ಮೇಲೆ ಹಳೆಯ ಹೊದಿಕೆ ಹಾಸಿಕೊಟ್ಟಳು. ತಮ್ಮ ಅದರ ಮೇಲೆ ಹೊಸ ಕಂಪ್ಯೂಟರಿನ ಬಿಡಿಭಾಗಗಳನ್ನು ಒಂದೊಂದಾಗಿ ಇಟ್ಟ. ಅರವತ್ತಕ್ಕೆ ಇನ್ನೆರಡು ವರ್ಷ ಬಾಕಿಯಿದ್ದ ಅವನು ನೀರೆತ್ತುವ ಮೋಟಾರುಗಳಿಗೆ ತಂತಿ ಸುತ್ತುವವನು. ಸುಟ್ಟ ಮೋಟಾರು ಬಿಚ್ಚಿ, ಹೊಸ ತಾಮ್ರದ ತಂತಿ ಸುತ್ತಿ, ಹತ್ತಿಯ ದಾರದಿಂದ ಬಿಗಿದು ಕಟ್ಟುವುದರಲ್ಲಿ ಅವನದು ಎತ್ತಿದ ಕೈ.

ಅಕ್ಕ ಮೂವತ್ತೊಂದು ವರ್ಷ ಹೆರಿಗೆ ಮಾಡಿಸಿದ ದಾದಿ. ಸುತ್ತಲ ಹಳ್ಳಿಗಳಲ್ಲಿ ತನ್ನ ಕೈಮೇಲೆ ಹುಟ್ಟಿದ ಪ್ರತಿ ಮಗುವಿನ ಗಳಿಗೆ, ತೂಕ, ಮಗುವನ್ನು ಕಂಡು ತಾಯಿ ಆಡಿದ ಮೊದಲ ಮಾತು, ಎಲ್ಲವನ್ನೂ ಬರೆದಿಟ್ಟಿದ್ದಳು. ಪುಸ್ತಕಗಳಿಗೆ ಗೆದ್ದಲು ಹತ್ತಿದಾಗ ಎರಡು ವರ್ಷ ಕೂತು ಕಂಪ್ಯೂಟರಿಗೆ ಏರಿಸಿದಳು. ಪುಸ್ತಕಗಳು ಒಲೆ ಸೇರಿದವು. ಹೋದ ತಿಂಗಳು ಆ ಕಂಪ್ಯೂಟರು ಸುಟ್ಟ ವಾಸನೆ ಬಿಟ್ಟು ಕಣ್ಣು ಮುಚ್ಚಿತು. ಉಳಿದದ್ದು ಅದರ ಹೊಟ್ಟೆಯಿಂದ ತೆಗೆದ ಹಾರ್ಡ್ ಡಿಸ್ಕ್ ಮಾತ್ರ. ಆ ಬರಹ ಬೇರೆಲ್ಲೂ ಇರಲಿಲ್ಲ.

ಮೊದಲು ಹೊಸ ಡ್ರೈವ್ ಕೂರಿಸಿದರು. ಬೆರಳಿನಷ್ಟು ಉದ್ದದ ತೆಳು ಪಟ್ಟಿ. ಅಂಗಡಿಯವನು ವಿಂಡೋಸ್ ತುಂಬಿಯೇ ಕೊಟ್ಟಿದ್ದ. ಅಕ್ಕ ಕನ್ನಡಕ ಏರಿಸಿ, ಅವನೇ ಬರೆದುಕೊಟ್ಟ ಚೀಟಿ ನೋಡಿ ಹೇಳಿದಳು, "ಓರೆಯಾಗಿ ತೂರಿಸಬೇಕಂತೆ. ಆಮೇಲೆ ಬಗ್ಗಿಸಿ ತಿರುಪು ಹಾಕು."

"ಇದರೊಳಗೆ ಮೋಟಾರಿಲ್ವಾ?"

"ಇಲ್ವಂತೆ. ಏನೂ ತಿರುಗಲ್ಲ."

"ಅಲ್ಲಾಡದೆ ಕೆಲಸ ಮಾಡೋ ಸೋಮಾರೀನ ನಾನಂತೂ ಕಂಡಿಲ್ಲಪ್ಪ."

"ಕನ್ನಡಿ ನೋಡ್ಕೋ, ಕಾಣ್ತಾನೆ."

ಹಳೆಯ ಹಾರ್ಡ್ ಡಿಸ್ಕನ್ನು ಅಂಗೈಯಲ್ಲಿಟ್ಟುಕೊಂಡು ಅವನು ಅದರ ಮೇಲೆ ಅಂಟಿಸಿದ್ದ ಚೀಟಿ ಓದಿದ. ಮತ್ತೊಮ್ಮೆ ಓದಿದ.

"ಅಕ್ಕ, ನಿಮಿಷಕ್ಕೆ ಏಳು ಸಾವಿರದ ಇನ್ನೂರು ಸುತ್ತು! ನಮ್ಮ ಪಂಪಿನ ಮೋಟಾರು ಎರಡು ಸಾವಿರದ ಎಂಟುನೂರ ಎಂಬತ್ತು. ಅಷ್ಟಕ್ಕೇ ಬೇರಿಂಗ್ ಬೊಬ್ಬೆ ಹೊಡೆಯುತ್ತೆ."

"ಒಳಗೆ ತಟ್ಟೆ ಅಷ್ಟು ಜೋರಾಗಿ ತಿರುಗುವಾಗ ಓದೋ ಮುಳ್ಳು ಅದನ್ನ ಮುಟ್ಟೋದೇ ಇಲ್ಲ ಅಂದ ಅಂಗಡಿಯವನು. ಕೂದಲೆಳೆಗಿಂತ ಕಮ್ಮಿ ಸಂದು. ಅಷ್ಟರಲ್ಲೇ ತೇಲುತ್ತಂತೆ. ಕೂಸಿನ ತಲೆ ಹಿಡಿದ ಹಾಗೆ ಹಿಡಿಯೋ."

ಅವನ ಒರಟು ಕೈ ತಾನಾಗಿಯೇ ಮೆತ್ತಗಾಯಿತು. ಡಿಸ್ಕನ್ನು ಗೂಡಿಗೆ ಜಾರಿಸಿ ನಾಲ್ಕು ತಿರುಪು ಹಾಕಿದ. ತೆಳ್ಳಗಿನ ಚಪ್ಪಟೆ ತಂತಿಯ ಒಂದು ತುದಿಯನ್ನು ಡಿಸ್ಕಿಗೆ, ಇನ್ನೊಂದನ್ನು ಬೋರ್ಡಿಗೆ ಸಿಕ್ಕಿಸಿದ. ಕರೆಂಟಿನ ಪೆಟ್ಟಿಗೆಯಿಂದ ಇಳಿಬಿದ್ದ ತಂತಿಗಳ ಗೋಜಲು ಮಾತ್ರ ಅವನಿಗೆ ಕಣ್ಣಲ್ಲಿ ಕಸ ಬಿದ್ದಂತಿತ್ತು. ಜೇಬಿನಿಂದ ದಾರ ತೆಗೆದು, ಎರಡೆರಡು ಬೆರಳಿಗೊಂದು ಗಂಟಿನಂತೆ, ಮೋಟಾರಿನ ಸುರುಳಿ ಕಟ್ಟುವ ಹಾಗೆ ಎಲ್ಲವನ್ನೂ ಸೇರಿಸಿ ಬಿಗಿದ. ದೂರ ನಿಂತು ನೋಡಿ ಮೆಚ್ಚಿಕೊಂಡ.

ಸ್ವಿಚ್ ಒತ್ತಿದರು. ಫ್ಯಾನು ತಿರುಗಿತು, ಪರದೆ ಬೆಳಗಿತು. ಡ್ರೈವುಗಳ ಪಟ್ಟಿಯಲ್ಲಿ ಹೊಸದೊಂದೇ ಇತ್ತು.

ಅಕ್ಕ ಪಟ್ಟಿಯನ್ನು ಮೇಲಿಂದ ಕೆಳಗೆ ಎರಡು ಸಲ ನೋಡಿದಳು. "ಹೋಯ್ತೇನೋ? ಪುಸ್ತಕಾನ ನಾನೇ ಕೈಯಾರೆ ಒಲೆಗೆ ಹಾಕಿದ್ದೆನಲ್ಲೋ."

ಅವನು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಡಿಸ್ಕಿನ ಅಂಚಿಗೆ ತಾಗಿಸಿ ಹಿಡಿಕೆಗೆ ಕಿವಿಯಿಟ್ಟ. ಮೋಟಾರಿನ ಹೊಟ್ಟೆಯೊಳಗಿನ ರೋಗ ಅವನು ಹಿಡಿಯುತ್ತಿದ್ದುದೇ ಹೀಗೆ.

"ಸತ್ತಿಲ್ಲ ಕಣಕ್ಕ. ಕೆಟ್ಟ ಮೋಟಾರು ನರಳುತ್ತೆ, ಕಡೇಪಕ್ಷ ಗುಂಯ್ ಅನ್ನುತ್ತೆ. ಇದು ಉಸಿರೇ ಬಿಡ್ತಿಲ್ಲ. ಅಂದ್ರೆ ಇದಕ್ಕೆ ಕರೆಂಟೇ ಮುಟ್ಟಿಲ್ಲ."

ಹೇಳಿ ಮುಗಿಸುವಷ್ಟರಲ್ಲಿ ಅವನ ಕಣ್ಣು ತಾನು ಕಟ್ಟಿದ ಕಟ್ಟಿನ ಮೇಲೆ ಬಿತ್ತು. ಸ್ವಿಚ್ ಆರಿಸಿ ದಾರ ಕತ್ತರಿಸಿದ. ಡಿಸ್ಕಿಗೆ ಕರೆಂಟು ಕೊಡಬೇಕಾದ ಚಪ್ಪಟೆ ಮೂತಿಯ ಪ್ಲಗ್ಗು ಕಟ್ಟಿನ ನಡುವೆ ಮುದುಡಿಕೊಂಡಿತ್ತು.

"ಎಂಥಾ ಚೆಂದದ ಗಂಟು ನಿಂದು!" ಎಂದಳು ಅಕ್ಕ.

ಪ್ಲಗ್ಗು ಸಿಕ್ಕಿಸಿ ಮತ್ತೆ ಸ್ವಿಚ್ ಒತ್ತಿ ಕಿವಿಗೊಟ್ಟ. ಒಂದು ಸಣ್ಣ ತಡವರಿಕೆ. ಆಮೇಲೆ ಸುಯ್ಯೆಂದು ಏರತೊಡಗಿತು ಸದ್ದು. ಅವನು ಬಲ್ಲ ಮೋಟಾರುಗಳೆಲ್ಲ ನಿಲ್ಲುವ ಸ್ವರ ದಾಟಿ ಇನ್ನೂ ಮೇಲೇರಿ, ಒಂದು ಎಳೆಯಾಗಿ ನಿಂತಿತು. ನಡುಕವಿಲ್ಲ, ಕರಕರ ಸದ್ದಿಲ್ಲ. ಅದರೊಳಗಿನಿಂದ ಮುಳ್ಳು ಓಡಾಡುವ ಟಿಕ್ ಟಿಕ್. ನಲವತ್ತು ವರ್ಷ ತಿರುಗುವುದನ್ನೇ ಕೇಳಿದವನ ಬಾಯಿ ಹಾಗೇ ತೆರೆದುಕೊಂಡಿತು.

"ಏನೋ ಅದು? ನಂಗೂ ಹೇಳೋ."

"ಹೇಳೋಕಾಗಲ್ಲಕ್ಕ. ಕೇಳು."

ಅವಳು ಸ್ಕ್ರೂಡ್ರೈವರ್ ಮುಟ್ಟಲಿಲ್ಲ. ಒಳಗೆ ಹೋಗಿ, ಗರ್ಭದ ಕೂಸಿನ ಎದೆಬಡಿತ ಕೇಳುತ್ತಿದ್ದ ತನ್ನ ಮರದ ಕೊಳವೆ ತಂದಳು. ಡಿಸ್ಕಿನ ಪಕ್ಕಕ್ಕೆ ಮೆಲ್ಲಗೆ ಒತ್ತಿ, ಕಣ್ಣು ಮುಚ್ಚಿ ಬಹಳ ಹೊತ್ತು ಬಾಗಿ ನಿಂತಳು. ಅಭ್ಯಾಸಬಲದಿಂದ ತುಟಿ ಎಣಿಸುತ್ತಿತ್ತು.

"ಇಷ್ಟೂ ಮಕ್ಕಳು," ಎಂದಳು, "ಇದರ ಮೇಲೆ ಸುತ್ತುತ್ತಾ ಇದ್ದಾರೆ."

ಕಡತ ತೆರೆಯಿತು. ಮೊದಲು ಎಲ್ಲವನ್ನೂ ಹೊಸ ಡ್ರೈವಿಗೂ ನಕಲು ಮಾಡಿದರು. ಅದು ಸದ್ದಿಲ್ಲದೆ ತೆಗೆದುಕೊಂಡಿತು. ಆಮೇಲೆ ಅವನು ಮೊದಲ ಸಾಲು ಓದಿದ. ಅಕ್ಕ ದಾದಿಯಾಗುವುದಕ್ಕೂ ಹಿಂದಿನದು, ನೆನಪಿನಿಂದ ಬರೆದದ್ದು:

ತಮ್ಮ. ತೂಕ ಗೊತ್ತಿಲ್ಲ. ಅಳಲಿಲ್ಲ. ಅಮ್ಮ ಹೇಳಿದಳೆಂದು ನಾನೇ ಕಾಲು ಹಿಡಿದೆತ್ತಿ ಬೆನ್ನು ತಟ್ಟಿದೆ. ಆಗ ನನಗೆ ಹತ್ತು ವರ್ಷ.

"ಜೋರಾಗಿ ತಟ್ಟಿದ್ಯಾ ಅಕ್ಕ?"

"ಯಾಕೋ, ಇನ್ನೂ ನೋಯ್ತಿದ್ಯಾ?"

ಅವನು ಅವಳ ಕೈಯಿಂದ ಮರದ ಕೊಳವೆ ತೆಗೆದುಕೊಂಡು, ಡಿಸ್ಕಿಗೆ ಹಚ್ಚಿ, ಮತ್ತೆ ಕಿವಿಯಿಟ್ಟ.