ಪೂಜೆಗಿಟ್ಟ ಸ್ಪ್ಯಾನರ್

ಮುಂದಿನ ಎರಡೂ ಚಕ್ರಗಳ ಕೆಳಗೆ ನಿಂಬೆಹಣ್ಣು ಪಚಕ್ಕೆಂದವು. ಅದರ ಜೊತೆಯಲ್ಲೇ ಇನ್ನೊಂದು ಸದ್ದೂ ಬಂತು. ಹನುಮಂತಯ್ಯನ ಅಂಬಾಸಡರ್ ಕಾರಿನ ಎಡ ಚಕ್ರದ ಹತ್ತಿರ, ಟಕ್ಕೆಂದು ಒಂದೇ ಸಲ. ಅದು ಮೆಕ್ಯಾನಿಕ್ ಕರಿಸಿದ್ದಪ್ಪನಿಗೆ ಬಿಟ್ಟರೆ ಬೇರೆ ಯಾರಿಗೂ ಕೇಳಲಿಲ್ಲ.

"ನಿಲ್ಸು," ಎಂದ.

"ಇನ್ನೇನಣ್ಣಾ? ಕಾಯಿ ಒಡೆದಾಯ್ತು, ಬೂದುಗುಂಬಳ ಒಡೆದಾಯ್ತು, ಮಂಗಳಾರತೀನೂ ಆಯ್ತು," ಎಂದು ಹನುಮಂತಯ್ಯ ಕಿಟಕಿಯಿಂದ ತಲೆ ಹೊರಗೆ ಹಾಕಿದ. ಬಾನೆಟ್ಟಿನ ಮೇಲೆ ವಿಭೂತಿಯ ಮೂರು ಪಟ್ಟೆ, ಬಂಪರಿಗೆ ಎರಡು ಬಾಳೆಕಂದು, ಮೇಲೊಂದು ಸೇವಂತಿಗೆ ಹಾರ. ಹದಿನೈದು ವರ್ಷದ ಹಳೆಯ ಟ್ಯಾಕ್ಸಿ ಮದುಮಗನ ಹಾಗೆ ನಿಂತಿತ್ತು.

ಕರಿಸಿದ್ದಪ್ಪ ನೆಲಕ್ಕೆ ಕೂತು, "ಸ್ಟೇರಿಂಗ್ ಅತ್ಲಾಗೆ ಇತ್ಲಾಗೆ ತಿರುಗ್ಸು," ಎಂದು ಚಕ್ರದ ಹಿಂದೆ ಕೈ ಹಾಕಿದ. ಸ್ಟೇರಿಂಗಿನಿಂದ ಚಕ್ರಕ್ಕೆ ಬರುವ ಸರಳಿನ ತುದಿಯಲ್ಲಿ ನಟ್ಟು ಸಡಿಲವಾಗಿತ್ತು. ನಟ್ಟು ಕಳಚದಂತೆ ಹಾಕುವ ಪಿನ್ನು ಇರಲೇ ಇಲ್ಲ. ಕೈ ಹೊರಗೆ ತೆಗೆದು ಪಂಚೆಗೆ ಒರೆಸಿಕೊಂಡ.

"ಈ ಗಾಡಿ ಓಡ್ಸಂಗಿಲ್ಲ ಕಣೋ. ಈ ನಟ್ಟು ಉದುರಿದ್ರೆ ನೀನು ಒಂದು ಕಡೆ ತಿರುಗಿಸ್ತೀಯ, ಚಕ್ರ ಇನ್ನೊಂದು ಕಡೆ ಹೋಗ್ತೈತೆ."

"ನಾಳೆ ತರ್ತೀನಿ ಬಿಡಣ್ಣ. ಇವತ್ತು ಆಯುಧ ಮುಟ್ಟಂಗಿಲ್ಲ, ನಿಂಗೆ ನಾನು ಹೇಳ್ಕೊಡ್ಬೇಕಾ? ಸ್ಟೇಷನ್ ಹತ್ರ ವೆಂಕಟಸುಬ್ಬಯ್ಯ ಮೇಷ್ಟ್ರು ಮನೆಯೋರೆಲ್ಲ ಕಾಯ್ತಾವ್ರೆ. ಲಿಂಗದಹಳ್ಳಿ ಮೇಲಾಸಿ ಕೆಮ್ಮಣ್ಣುಗುಂಡಿಗೆ ಹೋಗ್ಬೇಕು, ಏಳು ಜನ."

ಕೆಮ್ಮಣ್ಣುಗುಂಡಿಯ ಘಾಟಿಯಲ್ಲಿ ತಿರುವುಗಳೆಷ್ಟೆಂದು ಕರಿಸಿದ್ದಪ್ಪನಿಗೆ ಚೆನ್ನಾಗಿ ಗೊತ್ತಿತ್ತು.

ಬೀರೂರು ರಸ್ತೆಯ ಆ ತಗಡಿನ ಶೆಡ್ಡಿನೊಳಗೆ, ಹಲಗೆಯ ಮೇಲೆ ಹಾಸಿದ ಕೆಂಪು ವಸ್ತ್ರದಲ್ಲಿ, ಅವನ ಸಾಮಾನೆಲ್ಲ ಸಾಲಾಗಿ ಮಲಗಿದ್ದವು. ಸ್ಪ್ಯಾನರು, ಸುತ್ತಿಗೆ, ಕಟಿಂಗ್ ಪ್ಲೇಯರು, ಜಾಕು. ಹೆಂಡತಿ ಪ್ರೇಮಮ್ಮ ನಿನ್ನೆಯೆಲ್ಲ ಕೂತು ಒಂದೊಂದನ್ನೂ ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಇವತ್ತು ವಿಭೂತಿ ಕುಂಕುಮ ಹಚ್ಚಿ ಹೂವಿಟ್ಟಿದ್ದಳು. ಮಹಾನವಮಿಗೆ ಪೂಜೆಗಿಟ್ಟ ಸಾಮಾನನ್ನು ವಿಜಯದಶಮಿ ಬೆಳಗಾಗುವ ತನಕ ಎತ್ತುವಂತಿಲ್ಲ. ಕಡೂರಿನ ಯಾವ ಗ್ಯಾರೇಜಿನಲ್ಲೂ ಎತ್ತುವುದಿಲ್ಲ.

ಸಾಮಾನಿನ ಹಿಂದೆ ದೇವರ ಪಟಗಳ ಜೊತೆಗೆ ಒಂದು ಬಣ್ಣದ ಫೋಟೋ ಇತ್ತು. ಅರಬರ ದೇಶದ ಮರಳುಗಾಡಿನಲ್ಲಿ ತೆಗೆದದ್ದು. ವ್ಯಾನಿನ ಹಿಂಬಾಗಿಲು ತೆರೆದಿದೆ, ಒಳಗೆ ಹೀಗೇ ಸಾಲಾಗಿ ಸ್ಪ್ಯಾನರುಗಳು, ಮುಂದೆ ಕೈ ಮುಗಿದ ಕರಿಸಿದ್ದಪ್ಪ. ಪಕ್ಕದಲ್ಲಿ ಹಣೆಗೆ ವಿಭೂತಿ ಬಳಿದುಕೊಂಡು ನಗುತ್ತಿರುವ ಒಬ್ಬ ಬಿಳಿಯ. "ಆ ದೇಶದಾಗೂ ನಮ್ಮನೆಯೋರು ಆಯುಧ ಪೂಜೆ ಬಿಡ್ಲಿಲ್ಲ ಕಣ್ರೀ. ಅದ್ಕೇ ಶಿವ ಕೈಕಾಲು ನೆಟ್ಟಗಿಟ್ಟು ಮನೆಗೆ ಕಳಿಸ್ದ," ಎಂದು ಪ್ರೇಮಮ್ಮ ಪ್ರಸಾದ ಕೊಡುವಾಗ ಪ್ರತಿ ವರ್ಷ ಹೇಳುತ್ತಿದ್ದಳು. ಅವನು ಊರಿಗೆ ಮರಳಿದ ಈ ಮೂರು ವರ್ಷದಲ್ಲಿ ಕಥೆ ಬೆಳೆದೂ ಇತ್ತು. ಕೆಲವರ ಬಾಯಲ್ಲಿ ಆ ದೇಶದ ಶೇಖನೇ ಬಂದು ಮಂಗಳಾರತಿ ತಗೊಂಡು ಹೋಗಿದ್ದ. ಕರಿಸಿದ್ದಪ್ಪ ಒಂದು ಸಲವೂ ತಿದ್ದಿರಲಿಲ್ಲ.

ಈಗ ಅವಳು ಕೊಬ್ಬರಿ ಸಕ್ಕರೆಯ ತಟ್ಟೆ ಹಿಡಿದು ಹೊರಗೆ ಬಂದು ವಿಷಯ ಕೇಳಿಸಿಕೊಂಡಳು. ಅವಳದು ಯಾವುದಕ್ಕೂ ದಾರಿ ಹುಡುಕುವ ಬುದ್ಧಿ. "ಅಷ್ಟಕ್ಕೆ ಯಾಕ್ರೀ ಮುಖ ಸಣ್ಣ ಮಾಡ್ಕೊಂಡ್ ನಿಂತಿದೀರ? ಸಾಬರ ಪಂಚರ್ ಅಂಗ್ಡಿ ತೆಗ್ದೈತೆ. ಅವರ ಸ್ಪ್ಯಾನರ್ ಇಸ್ಕೊಂಡು ಬಿಗಿ ಮಾಡ್ಕೊಡಿ. ನಮ್ ಸಾಮಾನು ಮುಟ್ದಂಗೂ ಆಯ್ತು, ಮೇಷ್ಟ್ರು ಹೋದಂಗೂ ಆಯ್ತು."

"ತಗಳಪ್ಪ, ಅಕ್ಕ ಹೇಳಿದ್ದು ಸರಿ," ಎಂದು ಹನುಮಂತಯ್ಯ ಆಗಲೇ ಇಳಿದು ರಸ್ತೆ ದಾಟಲು ಹೊರಟ.

ಕರಿಸಿದ್ದಪ್ಪ ಶೆಡ್ಡಿನೊಳಗಿನ ಫೋಟೋದ ಕಡೆ ನೋಡಿದ. ಅಲ್ಲಿ ಕಾರುಗಳ ಪಂದ್ಯಕ್ಕೆ ಮೆಕ್ಯಾನಿಕ್ಕಾಗಿ ಹೋಗಿದ್ದಾಗಲೂ ಅವನು ಮಾಡಿದ್ದು ಇದನ್ನೇ.

ಆ ರ‍್ಯಾಲಿ ಮೂರು ದಿನದ್ದು. ಎಲ್ಲೆಲ್ಲಿಯ ದೇಶದ ಕಾರುಗಳೋ ಬಂದಿದ್ದವು. ಡಾಂಬರಿಲ್ಲ, ಬರೀ ಜಲ್ಲಿ ಮತ್ತು ಧೂಳಿನ ದಾರಿ. ಬರುವ ಕಾರಿಗಿಂತ ಅದು ಎಬ್ಬಿಸಿದ ಧೂಳೇ ಮೊದಲು ಕಾಣುತ್ತಿತ್ತು. ನಡುನಡುವೆ ಗೊತ್ತುಮಾಡಿದ ಜಾಗದಲ್ಲಿ ಕಾರು ಬಂದು ನಿಂತರೆ ಮೆಕ್ಯಾನಿಕ್ಕುಗಳಿಗೆ ಇಪ್ಪತ್ತು ನಿಮಿಷ, ಅಷ್ಟರಲ್ಲಿ ಎಲ್ಲ ನೋಡಿ ಕಳಿಸಬೇಕು. ಎರಡನೆಯ ದಿನ ಮಹಾನವಮಿ ಬಿತ್ತು. ಬೆಳಿಗ್ಗೆ ಅವನು ವ್ಯಾನಿನಲ್ಲಿ ತನ್ನ ಸಾಮಾನು ಪೂಜೆಗಿಟ್ಟ. ಎರಿಕ್ ಎಂಬವನು ಬಂದು ನೋಡಿ, ತನಗೂ ಹಚ್ಚು ಎಂದು ಹಣೆ ಒಡ್ಡಿದ. ಡ್ರೈವರನ ಪಕ್ಕ ಕೂತು, ಎಲ್ಲಿ ತಿರುವು ಎಲ್ಲಿ ಹಳ್ಳ ಎಂದು ಪುಸ್ತಕ ನೋಡಿ ಕೂಗಿ ಹೇಳುವುದು ಅವನ ಕೆಲಸ. 'ಕರಿ, ಕರಿ' ಎಂದು ಹೆಗಲ ಮೇಲೆ ಕೈ ಹಾಕಿ ಮಾತಾಡಿಸುತ್ತಿದ್ದ ಹುಡುಗ.

ಮಧ್ಯಾಹ್ನ ಎರಿಕ್ ಕೂತ ಕಾರು ಬಂದಾಗ ಸ್ಟೇರಿಂಗಿನ ಸರಳು ಬದಲಾಯಿಸಬೇಕಾಗಿತ್ತು. ಕರಿಸಿದ್ದಪ್ಪ ಪಕ್ಕದ ವ್ಯಾನಿಗೆ ಓಡಿ ಸ್ಪ್ಯಾನರ್ ಇಸ್ಕೊಂಡು ಬಂದ. ಅದರ ಬಾಯಿ ಸವೆದಿತ್ತು, ನಟ್ಟಿನ ಮೂಲೆಯ ಮೇಲೆ ಜಾರುತ್ತಿತ್ತು. ಪಿನ್ನು ತೂರಲು ನಟ್ಟು ಇನ್ನೊಂದಿಷ್ಟು ತಿರುಗಬೇಕಾಗಿತ್ತು, ತಿರುಗಲಿಲ್ಲ. ತನ್ನ ಸ್ಪ್ಯಾನರ್ ನಾಲ್ಕು ಮಾರು ದೂರದಲ್ಲಿ ಹೂವಿನ ಕೆಳಗಿತ್ತು. ಅವನು ಅದನ್ನು ನೋಡಿದ. ಟೈಮಾಯಿತು ಎಂದು ಯಾರೋ ಕೂಗಿದರು. ಪಿನ್ನಿನ ಬದಲು ಒಂದು ಚೂರು ತಂತಿ ಸುತ್ತಿ ಎದ್ದುಬಿಟ್ಟ.

ಕಾರು ಮೂವತ್ತು ಮೈಲಿಯಾಚೆ ಪಲ್ಟಿ ಹೊಡೆಯಿತು. ಡ್ರೈವರ್ ಎದ್ದು ಬಂದ. ಎರಿಕ್ ಎದ್ದು ಬರಲಿಲ್ಲ, ಬೆನ್ನುಮೂಳೆ ಮುರಿದಿತ್ತು. ಕಲ್ಲು ಬಡಿದು ಸರಳು ಮುರಿದಿರಬೇಕು ಎಂದು ದೊಡ್ಡವರೆಲ್ಲ ಸೇರಿ ಬರೆದರು. ಕರಿಸಿದ್ದಪ್ಪನನ್ನು ಯಾರೂ ಒಂದು ಮಾತು ಕೇಳಲಿಲ್ಲ. ಕೇಳಿದ್ದರೆ ಇಷ್ಟು ಭಾರ ಹೊರಬೇಕಾಗಿರಲಿಲ್ಲವೇನೋ. ನಾಲ್ಕು ತಿಂಗಳಲ್ಲಿ, ಅಲ್ಲಿಯ ನೀರು ಒಗ್ಗಲಿಲ್ಲ ಎಂದು ಊರಿಗೆ ಬಂದ. ಎರಿಕ್‌ನನ್ನು ಆಸ್ಪತ್ರೆಗೆ ಹೋಗಿ ನೋಡಿಕೊಂಡೂ ಬರಲಿಲ್ಲ.

"ಹನುಮಂತಯ್ಯ, ಬೇಡ, ಬಾ ಈಚೆಗೆ," ಎಂದು ಕೂಗಿ ಕರಿಸಿದ್ದಪ್ಪ ಶೆಡ್ಡಿನೊಳಗೆ ನಡೆದ. ಹಲಗೆಯ ಮುಂದೆ ಒಂದು ಗಳಿಗೆ ನಿಂತ. ಅಂಗಿಯೊಳಗೆ ಎದೆಯ ಮೇಲಿದ್ದ ಲಿಂಗದ ಕರಡಿಗೆಯನ್ನು ಮುಟ್ಟಿಕೊಂಡು, ಹೂ ಸರಿಸಿ ಸ್ಪ್ಯಾನರ್ ಎತ್ತಿದ.

"ಅಯ್ಯಯ್ಯೋ, ಏನ್ರೀ ಇದು! ಬುದ್ಧಿ ನೆಟ್ಟಗೈತಾ ನಿಮಗೆ?" ಪ್ರೇಮಮ್ಮನ ಕೈಯಲ್ಲಿದ್ದ ತಟ್ಟೆಯಿಂದ ಕೊಬ್ಬರಿ ಚೆಲ್ಲಿತು. "ಆ ದೇಶದಾಗೇ ಮುಟ್ಲಿಲ್ಲ. ಮನೆ ಬಾಗ್ಲಾಗೆ ಮುಟ್ತೀರಾ?"

"ಮುಟ್ಲಿಲ್ಲ ಕಣೇ. ಮುಟ್ದೇ ಇದ್ದಿದ್ದಕ್ಕೇ ಒಬ್ಬನ ಸೊಂಟ ಮುರೀತು."

ಅವಳಿಗೆ ಅರ್ಥವಾಗಲಿಲ್ಲ. ಅವನು ವಿವರಿಸುತ್ತಲೂ ನಿಲ್ಲಲಿಲ್ಲ. ಗೋಣಿತಾಟು ಹಾಸಿಕೊಂಡು ಕಾರಿನ ಕೆಳಗೆ ತೂರಿದ. ಅಲ್ಲಿ ಅಂಗಾತ ಮಲಗಿ, ಮುಖ ಕಾಣದ ಧೈರ್ಯದಲ್ಲಿ, ನಟ್ಟು ತಿರುಗಿಸುತ್ತಾ ಅಷ್ಟನ್ನೂ ಹೇಳಿದ. ಇಸ್ಕೊಂಡು ತಂದ ಸ್ಪ್ಯಾನರು, ಸುತ್ತಿದ ತಂತಿ, ಹೂವಿನ ಕೆಳಗೆ ಕಂಡೂ ಎತ್ತದ ತನ್ನ ಸ್ಪ್ಯಾನರು. ಹನುಮಂತಯ್ಯ ಬೀಡಿ ಹಚ್ಚುವುದನ್ನು ಮರೆತು ನಿಂತ. ಪ್ರೇಮಮ್ಮನ ಪಾದಗಳಷ್ಟೇ ಕರಿಸಿದ್ದಪ್ಪನಿಗೆ ಕಾಣುತ್ತಿದ್ದವು. ಅವು ಕದಲಲಿಲ್ಲ.

ನಟ್ಟು ಬಿಗಿಯಾಗಿ ಕೂತಿತು. ತೂತಿಗೆ ತೂತು ಕೂಡಿತು. ಡಬ್ಬಿಯಿಂದ ತಂದಿದ್ದ ಹೊಸ ಪಿನ್ನು ತೂರಿಸಿ ಅದರ ಎರಡು ಕಾಲನ್ನೂ ಮಡಿಸಿದ. ನಟ್ಟಿಗೂ ಸರಳಿಗೂ ಸ್ಪ್ಯಾನರಿನ ಕುಂಕುಮ ಮೆತ್ತಿಕೊಂಡಿತ್ತು.

"ಹೋಗು ಈಗ. ಘಾಟೀಲಿ ನಿಧಾನ," ಎಂದ. ಹನುಮಂತಯ್ಯ ತಲೆಯಾಡಿಸಿ, ಏನೂ ತಮಾಷೆ ಮಾಡದೆ ಹೊರಟ. ಬಾಳೆಕಂದುಗಳು ಅಲ್ಲಾಡುತ್ತಾ ತಿರುವಿನಲ್ಲಿ ಮರೆಯಾದವು.

ಪ್ರೇಮಮ್ಮ ಫೋಟೋದ ಮುಂದೆ ನಿಂತಿದ್ದಳು. "ಇವ್ನೇನಾ?"

"ಹೂಂ."

"ಈಗ ಹೆಂಗವ್ನೆ?"

"ಗೊತ್ತಿಲ್ಲ. ನಾನು ಒಂದು ಕಾಗದಾನೂ ಹಾಕ್ಲಿಲ್ಲ."

ಕರಿಸಿದ್ದಪ್ಪ ಸ್ಪ್ಯಾನರ್ ಒರೆಸಿ, ಇದ್ದಲ್ಲೇ ಇಡಲು ಬಗ್ಗಿದ. ಪ್ರೇಮಮ್ಮ ಅವನ ಕೈ ಹಿಡಿದಳು. ಮೈಲಿಗೆಯಾಯಿತು ಎನ್ನುತ್ತಾಳೆ ಎಂದುಕೊಂಡ.

"ಅಲ್ಲಿಡ್ಬೇಡಿ. ಇವತ್ತು ಹಬ್ಬ, ಗಾಡಿ ಬರ್ತಾನೇ ಇರ್ತವೆ. ಯಾರಿಗಾದ್ರೂ ಬೇಕಾದೀತು," ಎಂದಳು. ಸೆರಗಿನಿಂದ ಕಣ್ಣೊರೆಸಿಕೊಂಡು, ಚೆಲ್ಲಿದ ಕೊಬ್ಬರಿಯನ್ನು ಆಯಲು ಕೂತಳು.

ಕರಿಸಿದ್ದಪ್ಪ ಸ್ಪ್ಯಾನರನ್ನು ತೊಡೆಯ ಮೇಲಿಟ್ಟುಕೊಂಡು ಬಾಗಿಲಲ್ಲಿ, ರಸ್ತೆಗೆ ಮುಖ ಮಾಡಿ ಕುಳಿತ. ಒಳಗೆ ಕೆಂಪು ವಸ್ತ್ರದ ಮೇಲೆ, ಹೂಗಳ ನಡುವೆ, ಒಂದು ಗೇಣಿನಷ್ಟು ಉದ್ದದ ಜಾಗ ಖಾಲಿ ಇತ್ತು.