ಹೆಬ್ಬೆರಳಿನ ಕೆಳಗಿನ ತಾರೀಖು

ವಿಶ್ವಕೋಶದ ಮೂವತ್ತೆರಡು ಪುಟ ಅವಳ ಪಾಲಿಗೆ ಬಂದಿತ್ತು: ಅಮೆರಿಕದ ರಾಜಕೀಯ ಹತ್ಯೆಗಳು. ಲೇಖಕರು ಬರೆದುಕೊಟ್ಟದ್ದರಲ್ಲಿ ಸರಿ ತಪ್ಪು ನೋಡುವುದು ಅವಳ ಕೆಲಸ. ಗುಂಡಿಗೆ ಬಲಿಯಾದ ನಾಲ್ವರು ಅಧ್ಯಕ್ಷರಿಂದ ತೊಂದರೆಯಾಗಲಿಲ್ಲ. ಅವರ ಕೊನೆಯ ಗಳಿಗೆಗಳನ್ನು ಯಾರ್ಯಾರೋ ನಿಮಿಷ ಲೆಕ್ಕದಲ್ಲಿ ಬರೆದಿಟ್ಟಿದ್ದರು. ತಲೆ ತಿಂದವನು ಸಣ್ಣ ಊರಿನ ಒಬ್ಬ ಮೇಯರ್. ನೂರು ಚಿಲ್ಲರೆ ವರ್ಷಗಳ ಹಿಂದೆ, ಕೆಲಸ ಕಳೆದುಕೊಂಡ ಗುಮಾಸ್ತನೊಬ್ಬ ಕಚೇರಿಯ ಮೆಟ್ಟಿಲ ಮೇಲೆ ಅವನಿಗೆ ಗುಂಡು ಹೊಡೆದಿದ್ದ. ಮೇಯರ್ ಸತ್ತದ್ದು ಹದಿನಾಲ್ಕನೇ ತಾರೀಖು ಎಂದು ಒಂದು ಪುಸ್ತಕ, ಹದಿನೇಳು ಎಂದು ಇನ್ನೊಂದು.

"ಒಂದು ತಾರೀಖು ತಾನೇ? ಮಧ್ಯಾಹ್ನದೊಳಗೆ ಮುಗ್ಸಿಬಿಡಿ," ಅಂದರು ಸಂಪಾದಕರು.

ಮೂರು ವಾರ ಹಿಡಿಯಿತು. ಆನ್‌ಲೈನ್ ಸಂಗ್ರಹದಲ್ಲಿ ಹಳೆಯ ಪತ್ರಿಕೆಗಳೇನೋ ರಾಶಿ ಬಿದ್ದಿದ್ದವು. ಆದರೆ ಆ ಮಸುಕು ಅಕ್ಷರಗಳನ್ನು ಓದಿಟ್ಟದ್ದು ಯಂತ್ರ. ಇಂಗ್ಲಿಷಿನಲ್ಲಿ ಗುಂಡೇಟಿನ 'ಶಾಟ್'ಗೂ ಬೂಟಿನ 'ಶೂ'ಗೂ ಒಂದೇ ಅಕ್ಷರದ ವ್ಯತ್ಯಾಸ; ಅವಳು ಕೊಲೆ ಹುಡುಕಿದಷ್ಟೂ ಬೂಟಿನ ಜಾಹೀರಾತುಗಳೇ ಬಂದವು. ನಾನೂರು ಜೊತೆ ಬೂಟು ನೋಡಿ ಸಾಕಾಗಿ, ಪುಟ ಪುಟವಾಗಿ ತಿರುವತೊಡಗಿದಳು. ಹತ್ತು ಪುಟಕ್ಕೊಮ್ಮೆ ಆ ಸೈಟು 'ನೀವು ಮನುಷ್ಯರೇ?' ಎಂದು ಕೇಳಿ, ಸೇತುವೆಗಳ ಚಿತ್ರ ಗುರುತಿಸಲು ಹೇಳುತ್ತಿತ್ತು.

ಭಾನುವಾರ ಊಟದ ಮೇಜಿನ ಮೇಲೂ ಲ್ಯಾಪ್‌ಟಾಪ್ ಕಂಡು ಅತ್ತೆಗೆ ರೇಗಿತು.

"ಕೊಂದೋನೂ ಸತ್ತ, ಕೊಲೆಯಾದೋನೂ ಸತ್ತ. ಪೊಲೀಸ್ನೋರೇ ಕೈಬಿಟ್ಟಿರೋ ಕೇಸು, ನಿಂಗ್ಯಾಕಮ್ಮ?"

"ಒಂದು ತಾರೀಖು ಸಿಕ್ಕಿಬಿಟ್ರೆ ಮುಗೀತು, ಅತ್ತೆ."

"ನಾನು ಹುಟ್ಟಿದ ತಾರೀಖೇ ಯಾರಿಗೂ ಗೊತ್ತಿಲ್ಲ. ನಾನು ಬದುಕ್ಲಿಲ್ವಾ?"

ಗಂಡ ನಕ್ಕ. ಅವಳಿಗೆ ನಗು ಬರಲಿಲ್ಲ.

ಮಂಗಳವಾರ ಪುಟ ಸಿಕ್ಕಿತು. ಆ ಊರಿನದೇ ವಾರಪತ್ರಿಕೆ. ಕೊನೆಯವರೆಗೂ ಜೊತೆಗಿದ್ದ ವೈದ್ಯರ ಹೇಳಿಕೆ. 'ಮೇಯರ್ ಕೊನೆಯುಸಿರೆಳೆದದ್ದು' ಎಂಬಲ್ಲಿಗೆ ಅವಳ ಕಣ್ಣು ಓಡಿತು. ಮುಂದೆ ಒಂದು ಹೆಬ್ಬೆರಳು. ಪುಟ ಒತ್ತಿಹಿಡಿದು ಫೋಟೋ ತೆಗೆದವನದು. ಉಗುರಿನ ಸಂದಿಯ ಕೊಳೆಯೂ ಕಾಣುವಷ್ಟು ಸ್ಪಷ್ಟವಾಗಿತ್ತು. ಅವಳು ಚಿತ್ರವನ್ನು ಹಿಗ್ಗಿಸಿದಳು. ಹೆಬ್ಬೆರಳು ದೊಡ್ಡದಾಯಿತು, ಅಷ್ಟೆ.

ಸಂಗ್ರಹದವರಿಗೆ ಬರೆದಳು. ಹನ್ನೆರಡು ದಿನದ ಮೇಲೆ ಉತ್ತರ ಬಂತು: ಕ್ಷಮಿಸಿ, ಫೋಟೋ ತೆಗೆದ ಮೇಲೆ ಮೂಲ ಪತ್ರಿಕೆಗಳನ್ನು ರದ್ದಿಗೆ ಹಾಕಲಾಗಿದೆ, ಬೇರೆ ಪ್ರತಿ ಇಲ್ಲ.

"ಹಾಗಾದ್ರೆ ಹದಿನೇಳು ಹಾಕಿ," ಅಂದರು ಸಂಪಾದಕರು. "ಕೇಳೋಕೆ ಆ ಮೇಯರ್ ಎದ್ದು ಬರ್ತಾನಾ?"

"ಗೊತ್ತಿಲ್ಲ ಅಂತ ಹಾಕೋಣ ಸಾರ್."

"ವಿಶ್ವಕೋಶದಲ್ಲಿ ಗೊತ್ತಿಲ್ಲ ಅಂತ ಬರೆದ್ರೆ ಯಾರಮ್ಮ ಕೊಂಡ್ಕೋತಾರೆ?"

ಹಟಕ್ಕೆ ಬಿದ್ದು ಕರಡಿನಲ್ಲಿ 'ಖಚಿತವಿಲ್ಲ' ಎಂದೇ ಬರೆದುಕೊಟ್ಟಳು. ಅಚ್ಚಾಗಿ ಬಂದದ್ದು ಹದಿನೇಳು.

ಎರಡು ತಿಂಗಳಲ್ಲಿ ನಿವೃತ್ತ ಮೇಷ್ಟರೊಬ್ಬರ ಕಾಗದ ಬಂತು. 'ನನ್ನ ಬಳಿಯ ಪುಸ್ತಕದಲ್ಲಿ ಹದಿನಾಲ್ಕು ಎಂದಿದೆ. ನಿಮ್ಮ ಹದಿನೇಳಕ್ಕೆ ಆಧಾರವೇನು?' ಸಂಪಾದಕರು ಅದರ ಮೂಲೆಯಲ್ಲಿ 'ನೀವೇ ನೋಡಿಕೊಳ್ಳಿ' ಎಂದು ಗೀಚಿ ಅವಳ ಮೇಜಿನ ಮೇಲೆ ಬಿಸಾಡಿ ಹೋದರು.

ಸುತ್ತಿ ಬಳಸಿ ಎರಡು ಉತ್ತರ ಬರೆದು ಎರಡನ್ನೂ ಹರಿದಳು. ಮೂರನೆಯದರಲ್ಲಿ ಎರಡೇ ಸಾಲು: 'ಆಧಾರವಿಲ್ಲ. ನಿಮ್ಮ ಹದಿನಾಲ್ಕಕ್ಕೂ ಇದೆಯೆಂದು ನನಗೆ ಕಾಣುವುದಿಲ್ಲ.' ಹೆಬ್ಬೆರಳಿದ್ದ ಆ ಪತ್ರಿಕೆಯ ಪುಟದ ಪ್ರತಿಯನ್ನು ಜೊತೆಗಿಟ್ಟು, ಸಂಪಾದಕರಿಗೆ ತೋರಿಸದೆ, ಊಟದ ಬಿಡುವಿನಲ್ಲಿ ತಾನೇ ಹೋಗಿ ಅಂಚೆಗೆ ಹಾಕಿ ಬಂದಳು.

ವಾಪಸು ಬರುವಷ್ಟರಲ್ಲಿ ಮುಂದಿನ ಅಧ್ಯಾಯ ಮೇಜಿನ ಮೇಲಿತ್ತು: ಅಣೆಕಟ್ಟುಗಳು. ಮೊದಲ ಸಾಲಿನಲ್ಲೇ ಒಂದು ಇಸವಿ. ಅವಳು ಕುರ್ಚಿ ಎಳೆದು ಕೂತು, ಹಲ್ಲು ಕಚ್ಚಿ, ಅದರ ಪಕ್ಕ ಪ್ರಶ್ನಾರ್ಥಕ ಚಿಹ್ನೆ ಹಾಕಿದಳು.